ಆಷಾಢದ ಬಾಗಿಲು

ಜೂನ್ 3, ಮಂಗಳವಾರ

ಮದುವೆಯಾಗಿ ತಿಂಗಳು ತುಂಬುವ ಮೊದಲೇ ನನ್ನನ್ನು ವಾಪಸು ಕಳಿಸುವ ಮಾತು ನಡೆದಿದೆ. ಬೆಳಿಗ್ಗೆ ಜೇವರ್ಗಿಯಿಂದ ಮಮ್ಮಿಯ ಫೋನು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಪಪ್ಪ ಕಾರು ತರುತ್ತಾರಂತೆ, ಆಷಾಢ ಪೂರ್ತಿ ನಾನು ತವರಿನಲ್ಲಿರಬೇಕಂತೆ, ಸೂಟ್‌ಕೇಸು ಈಗಲೇ ತುಂಬಿಟ್ಟುಕೊಳ್ಳಬೇಕಂತೆ. ಆಷಾಢದಲ್ಲಿ ಹೊಸ ಸೊಸೆಯೂ ಅತ್ತೆಯೂ ಒಂದೇ ಹೊಸ್ತಿಲು ದಾಟಬಾರದು ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಬೇರೆ ಹುಡುಗಿಯರಿಗೆ ಬರುವ ಕಾಯಿಲೆ, ಕಾನ್ವೆಂಟಿನಲ್ಲಿ ಓದಿದವರಿಗೆ ಲಸಿಕೆ ಹಾಕಿಯಾಗಿದೆ ಎಂದುಕೊಂಡಿದ್ದೆ.

ಒಂದು ತಿಂಗಳು, ಅರುಣನಿಲ್ಲದೆ. ಸತ್ತೇ ಹೋಗುತ್ತೇನೆ. (ಎದುರಿಗೆ 'ರೀ' ಅನ್ನುತ್ತೇನೆ. ಇಲ್ಲಿ ಮಾತ್ರ ಅರುಣ, ಅವನು, ಇವನು.) ಅವನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟು. ಕಬ್ಬು ಅರೆಯುವ ಹಂಗಾಮು ಯಾವಾಗಲೋ ಮುಗಿದರೂ ಅವನ ಅಂಗಿಗೆ ಕಾಕಂಬಿಯ ವಾಸನೆ ಅಂಟಿಕೊಂಡೇ ಇದೆ. ಒಗೆಯುವ ಮುಂಚೆ ದಿನಾ ಒಮ್ಮೆ ಮೂಸುತ್ತೇನೆ. ಇದನ್ನು ಯಾರಾದರೂ ಓದಿದರೆ ನಾನು ಭೀಮಾ ನದಿಗೆ ಹಾರಬೇಕು.

ಸಂಜೆ ಅವನಿಗೆ ಹೇಳಿದೆ. ಚಹಾ ಆರಿಸಿಕೊಳ್ಳುತ್ತ, ಎಲ್ಲರೂ ಹೋಗುತ್ತಾರೆ, ನೀನೂ ಹೋಗಿ ಬಾ ಎಂದ. ಅವನ ಜೊತೆ ಮಾತು ಬಿಟ್ಟಿದ್ದೇನೆ, ಊಟದ ಹೊತ್ತಿನ ತನಕ.

ಅತ್ತೆಯವರು ಏನೂ ಹೇಳಲಿಲ್ಲ. ಅವರು ಏನೂ ಹೇಳುವುದೇ ಇಲ್ಲ. ಮೊರದಲ್ಲಿ ತೊಗರಿ ಆರಿಸುತ್ತ ಕಣ್ಣಂಚಿನಲ್ಲಿ ನನ್ನನ್ನು ನೋಡುತ್ತಾರೆ, ನಾನು ಕಾಳೋ ಕಲ್ಲೋ ಇನ್ನೂ ತೀರ್ಮಾನವಾಗಿಲ್ಲ ಎಂಬಂತೆ.

ಜೂನ್ 8, ರವಿವಾರ

ಇಂದು ನನ್ನ ಮಾಡೆಲ್ಲಿನ ಡಬ್ಬ ಬಿಚ್ಚಿದೆ. ಇಂಟೀರಿಯರ್ ಡಿಸೈನ್ ಡಿಪ್ಲೊಮಾದ ಕೊನೆಯ ವರ್ಷ ಐಸ್‌ಕ್ರೀಮ್ ಕಡ್ಡಿಗಳಲ್ಲಿ ಕಟ್ಟಿದ ಇಂಗ್ಲೆಂಡಿನ ಮನೆ. ಐನೂರು ವರ್ಷದ ಹಿಂದೆ ಅಲ್ಲಿಯ ಉಣ್ಣೆ ವ್ಯಾಪಾರಿಗಳು ಕಟ್ಟಿಸುತ್ತಿದ್ದಂಥದ್ದು. ಓಕ್ ಮರದ ಕರಿ ಕಂಬಗಳು, ಅವುಗಳ ನಡುವೆ ಬಿಳಿ ಗೋಡೆ. ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಒಂದು ಮೊಳ ಮುಂದೆ ಚಾಚಿ ಓಣಿಯೊಳಗೆ ಇಣುಕುತ್ತದೆ. ಮೊಳೆ ಅನ್ನುವುದೇ ಇಲ್ಲ. ಮರದೊಳಗೆ ಮರ ಕೂಡಿಸಿ ಮರದ ಬೆಣೆ ಬಡಿದಿರುತ್ತಾರೆ. ಹಸಿ ಮರದಲ್ಲೇ ಕಟ್ಟುತ್ತಿದ್ದರಿಂದ ಒಣಗುತ್ತ ಒಣಗುತ್ತ ಕಂಬಗಳು ತಿರುಚಿಕೊಂಡು, ಇಡೀ ಮನೆ ಸೊಂಟ ಉಳುಕಿದವರ ಹಾಗೆ ನಿಲ್ಲುತ್ತದೆ. ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಆ ಉಳುಕೇ.

ಅದನ್ನು ಎಲ್ಲಿಡುವುದೆಂದು ಜಾಗ ಹುಡುಕುತ್ತ ತಲೆ ಎತ್ತಿದವಳು ಹಾಗೇ ನಿಂತೆ. ಬಂದಾಗಿನಿಂದ ಈ ಮನೆಯಲ್ಲಿ ತಲೆ ತಗ್ಗಿಸಿಯೇ ಓಡಾಡಿದ್ದೇನೆ. ಹೊಸ ಸೊಸೆಯ ನಾಚಿಕೆಯಿಂದಲ್ಲ, ಬಾಗಿಲು ಗಿಡ್ಡ, ಮನೆ ತುಂಬಿಸಿಕೊಂಡ ದಿನವೇ ಹಣೆ ಬಡಿದಿತ್ತು. ಕತ್ತಲ ಮನೆ, ಮಣ್ಣಿನ ಮನೆ ಎಂದು ಗೆಳತಿಯರಿಗೆ ಮೆಸೇಜು ಕೂಡ ಮಾಡಿದ್ದೆ. ಈಗ ಮೇಲೆ ನೋಡಿದರೆ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲು ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಗೋಡೆಯ ಉದ್ದಕ್ಕೂ ಕಂಬಗಳಿವೆ, ಅರ್ಧ ಮೈ ಮಣ್ಣಿನಲ್ಲಿ ಹೂತುಕೊಂಡು. ಅಂದರೆ ಮಾಳಿಗೆಯ ಭಾರ ಗೋಡೆಯ ಮೇಲಿಲ್ಲವೇ ಇಲ್ಲ. ಗೋಡೆ ಬರೀ ಪರದೆ. ನಾನು ಇಂಗ್ಲೆಂಡಿನ ಮನೆಯಲ್ಲೇ ಇದ್ದೇನೆ, ಒಂದು ಅಂತಸ್ತು ಕಡಿಮೆ ಅಷ್ಟೇ.

ಮಾವನವರನ್ನು ಕೇಳಿದರೆ ಇದು ಹನ್ನೆರಡು ಅಂಕಣದ ಮನೆ ಎಂದರು. ನಾಲ್ಕು ಕಂಬಗಳ ನಡುವಿನ ಚೌಕ ಒಂದು ಅಂಕಣ. ಆ ಇಂಗ್ಲಿಷರೂ ಹೀಗೇ, ಕೋಣೆ ಎಣಿಸುವುದಿಲ್ಲ, ಕಂಬಗಳ ನಡುವಿನ ಖಾನೆ ಎಣಿಸುತ್ತಾರೆ. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಮಾವನವರು ಅತ್ತೆಯವರ ಮುಖ ನೋಡಿದರು.

ಜೂನ್ 9, ಸೋಮವಾರ

ಗೋಡೆ ಭಾರ ಹೊರುವುದಿಲ್ಲ ಅಂದಮೇಲೆ ಗೋಡೆಯಲ್ಲಿ ಎಲ್ಲಿ ಬೇಕಾದರೂ ಬಾಗಿಲು ಕೊರೆಯಬಹುದು. ಎರಡು ಬಾಗಿಲು, ಎರಡು ಹೊಸ್ತಿಲು. ಅತ್ತೆಗೊಂದು, ಸೊಸೆಗೊಂದು. ಆಷಾಢಕ್ಕೆ ದೊಡ್ಡ ನಮಸ್ಕಾರ.

ನಾನು ಜೀನಿಯಸ್. ಅರುಣನಿಗೆ ಹೇಳಿದೆ. ಜ್ವರ ಇದೆಯಾ ಎಂದು ಹಣೆ ಮುಟ್ಟಿ ನೋಡಿದ. ಕೈ ಎಷ್ಟು ತಂಪಗಿತ್ತು.

ಜೂನ್ 11, ಬುಧವಾರ

ಕಾರಹುಣ್ಣಿಮೆ. ಹೋಳಿಗೆ ಉಂಡು ಮಾವನವರು ಒಳ್ಳೆಯ ಮೂಡಿನಲ್ಲಿ ಕಂಬಕ್ಕೆ ಒರಗಿದ್ದರು. ಇದೇ ಸಮಯ ಎಂದು ಮಾಡೆಲ್ಲನ್ನು ಅವರ ಮುಂದಿಟ್ಟೆ. ಅರುಣ ಇಲ್ಲದ ಕೆಲಸ ನೆನಪಾಗಿ ಎದ್ದುಹೋದ.

ಕಾರ್ಡ್‌ಬೋರ್ಡಿನ ಗೋಡೆಗಳನ್ನು ಒಂದೊಂದಾಗಿ ಕಿತ್ತೆ. ನೋಡಿರಿ ಮಾವ, ಮುಂದಿನ ಗೋಡೆ ಹೋಯಿತು, ಹಿಂದಿನದು ಹೋಯಿತು, ಮನೆ ಅಲ್ಲೇ ಇದೆ. ಬರೀ ಅಸ್ಥಿಪಂಜರ ಉಳಿದಾಗ ಅದರ ಮೇಲೆ ಅವರದೇ ಹಿತ್ತಾಳೆಯ ತಂಬಿಗೆ ಇಟ್ಟೆ. ಅಲ್ಲಾಡಲಿಲ್ಲ. ಮಾವನವರು ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಎರಡು ಬೆರಳಲ್ಲಿ ಒಂದು ಮೂಲೆಯ ಕಂಬವನ್ನೇ ಎಳೆದರು. ಇಂಗ್ಲೆಂಡು ತಂಬಿಗೆ ಸಮೇತ ಅವರ ಧೋತರದ ಮೇಲೆ ಬಿತ್ತು.

"ಬಿತ್ತಲ್ಲವಾ ತಂಗಿ," ಎಂದರು.

"ನೀವು ಎಳದಿದ್ದು ಕಂಬರಿ ಮಾವ. ನಾನು ಹೇಳಿದ್ದು ಗ್ವಾಡಿ."

ಬಾಗಿಲು ಕೊರೆದರೆ ಮನೆ ಬೀಳುತ್ತದೆ, ಮಾತು ಮುಗಿಯಿತು ಎಂದು ಅವರು ಧೋತರ ಕೊಡವಿಕೊಂಡರು. ಆಗ ಅಡುಗೆಮನೆಯ ಕಡೆಯಿಂದ ಅತ್ತೆಯವರ ದನಿ ಬಂತು. ಮಾವನವರ ಮಾತಿನ ನಡುವೆ ಅವರ ದನಿ ನಾನು ಕೇಳಿದ್ದು ಇದೇ ಮೊದಲು.

"ಭೂಕಂಪ ಆದಾಗ ಹಿಂದಿನ ಗ್ವಾಡಿ ಪೂರಾ ಬಿದ್ದಿತ್ತಲ್ರಿ. ಮಾಳಿಗಿ ಬಿತ್ತೇನು?"

ಮಾವನವರು ಬಿದ್ದ ತಂಬಿಗೆಯನ್ನು ಎತ್ತಿ ಪಕ್ಕಕ್ಕಿಟ್ಟರು.

ಆಮೇಲೆ ಪಾತ್ರೆ ತೊಳೆಯುವಾಗ ಅತ್ತೆಯವರು ಪೂರ್ತಿ ಕಥೆ ಹೇಳಿದರು, ನನ್ನನ್ನಲ್ಲ, ಪಾತ್ರೆಗಳನ್ನು ನೋಡುತ್ತ. ಲಾತೂರ ಕಡೆ ಭೂಮಿ ನಡುಗಿದ ವರ್ಷ ಅವರು ನನ್ನ ಹಾಗೇ ಹೊಸದಾಗಿ ಬಂದವರು. ಹಿಂದಿನ ಗೋಡೆ ಓಣಿಗೆ ಕಳಚಿಬಿತ್ತಂತೆ, ಮಾಳಿಗೆ ಮಾತ್ರ ಕಂಬಗಳ ಮೇಲೆ ಏನೂ ಆಗದವರ ಹಾಗೆ ನಿಂತಿತ್ತಂತೆ. ಗೋಡೆ ಮತ್ತೆ ಕಟ್ಟುವತನಕ ಅವರು ಓಣಿಗೆ ಮುಖ ಮಾಡಿ ರೊಟ್ಟಿ ಬಡಿದರು. ಎದುರು ಮನೆಯಲ್ಲಿ ಶಮ್ಸುನ್ನಿಸಾ ಅಂತ, ಅವರೂ ಹೊಸ ಮದುಮಗಳು. ಇಬ್ಬರಿಗೂ ಸ್ನೇಹವಾದದ್ದು ಆ ತೂತಿನಿಂದ. ಗೋಡೆ ಎದ್ದಮೇಲೆ, ನಾಲ್ಕು ಹೆಜ್ಜೆಯ ಆ ಮನೆಗೆ ಹೋಗಬೇಕಾದರೆ ಸೆರಗು ಹೊದ್ದು, ದೊಡ್ಡ ಬಾಗಿಲಿನ ಕಟ್ಟೆಯ ಮೇಲಿನ ಗಂಡಸರನ್ನು ದಾಟಿ, ಬಜಾರ ಸುತ್ತಿ ಬರಬೇಕು. ಎಲ್ಲಿಗಿ, ಯಾಕ ಅಂತ ದಾರಿಯುದ್ದ ಕೇಳುತ್ತಾರೆ. ಅದಕ್ಕೆ ಹೋಗುವುದೇ ಕಡಿಮೆಯಾಯಿತಂತೆ.

ಪಾತ್ರೆ ಮುಗಿಯುವ ಹೊತ್ತಿಗೆ ಮಾವನವರು ಬಂದು ಹಿಂದಿನ ಅಂಕಣದಲ್ಲಿ ಬಾಗಿಲು ಮಾಡಿಸಲು ಒಪ್ಪಿದರು. ಆಷಾಢ ಕೂಡಿದ ಮೇಲೆ ಚೌಕಟ್ಟು ನಿಲ್ಲಿಸುವಂತಿಲ್ಲ, ಅಮಾವಾಸ್ಯೆಯೊಳಗೆ ಮುಗಿಯಬೇಕು.

ಗೆದ್ದೆ. ಅರುಣ, ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಜೂನ್ 16, ಸೋಮವಾರ

ಬಡಿಗ ಕರೀಮಸಾಬ ಬೇವಿನ ಮರದ ಚೌಕಟ್ಟು ಮಾಡುತ್ತಿದ್ದಾರೆ. ಮೊಳೆ ಬೇಡ, ಮರದ ಬೆಣೆ ಹಾಕಿರಿ ಎಂದು ಹಟ ಹಿಡಿದೆ. ಅವರು ನನ್ನನ್ನು ಅನುಕಂಪದಿಂದ ನೋಡಿ, "ಇಂಗ್ಲಿಷ್ ಬಾಗಲಕ್ಕ ಬ್ಯಾಡ ಇರಬಹುದು ಬಾಯಿಯವ್ರ, ಇದು ಅಫಜಲಪುರದ ಬಾಗಲಾ," ಎಂದರು. ಕೊನೆಗೆ ರಾಜಿಯಾಯಿತು. ನನ್ನ ಸಮಾಧಾನಕ್ಕೆ ಬೆಣೆ, ಅವರ ಸಮಾಧಾನಕ್ಕೆ ಮೊಳೆ.

ಒಂದು ಅದ್ಭುತ ಸಿಕ್ಕಿತು. ನಮ್ಮ ಕಂಬ ತೊಲೆ ಕೂಡುವ ಕಡೆ ಉಳಿಯಿಂದ ಗೀರಿದ ಗುರುತುಗಳಿವೆ, ಒಂದಕ್ಕೆ ಒಂದು ಗೀರು, ಇನ್ನೊಂದಕ್ಕೆ ಎರಡು. ಯಾವ ಮರ ಯಾವುದಕ್ಕೆ ಜೋಡಿ ಎಂದು ಮರೆಯದಿರಲು ಹಳೆಯ ಬಡಿಗರು ಹಾಕಿದ್ದು. ಇಂಗ್ಲೆಂಡಿನ ಬಡಿಗರೂ ಅಕ್ಷರಶಃ ಇದನ್ನೇ ಮಾಡುತ್ತಿದ್ದರು. ನಾನು ಕಿರುಚಿದ ರಭಸಕ್ಕೆ ಕಟ್ಟೆಯ ಮೇಲೆ ಯಾರದೋ ಬಸಿಯ ಚಹಾ ಚೆಲ್ಲಿತು. ಅತ್ತೆಯವರು ಏಣಿ ಹಿಡಿದುಕೊಂಡರು, ನಾನು ಎಲ್ಲ ಗೀರುಗಳನ್ನೂ ಮುಟ್ಟಿ ಬಂದೆ.

ಜೂನ್ 21, ಶನಿವಾರ

ಗೋಡೆ ಒಡೆದರು. ಒಳಗಿನ ಮಣ್ಣಿನಲ್ಲಿ ಜೋಳದ ಹೊಟ್ಟು ಇನ್ನೂ ಬಂಗಾರದ ಬಣ್ಣದಲ್ಲೇ ಇತ್ತು. ಇಂಗ್ಲಿಷರು ಹೆಣೆದ ಕಡ್ಡಿಗಳ ಮೇಲೆ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತುತ್ತಿದ್ದರು ಎಂದು ಹೇಳಿದಾಗ ಅತ್ತೆ ಬಹಳ ಸಂತೋಷಪಟ್ಟರು. ಆ ದೇಶದಲ್ಲೂ ಸಗಣಿ ಇತ್ತು ಅನ್ನುವುದೇ ಅವರಿಗೆ ಸಮಾಧಾನ.

ತೂತು ಒಂದು ಮುಖದಷ್ಟು ಅಗಲವಾಗುತ್ತಲೇ ಅದರಲ್ಲಿ ಒಂದು ಮುಖ ಬಂತು. ಮೂಗುಬಟ್ಟು, ಬಿಳಿ ದುಪಟ್ಟಾ, ಬಾಯಲ್ಲಿ ಎಲೆ ಅಡಿಕೆ.

"ಗುರುಬಾಯಿ, ಇಷ್ಟ ದಿನ ಎಲ್ಲಿ ಹೋಗಿದ್ದಿಬೇ?" ಎಂದರು ಶಮ್ಸುನ್ನಿಸಾ.

ಅತ್ತೆ ನಕ್ಕರು. ಅವರಿಗೆ ಇಷ್ಟು ಚಂದದ ಹಲ್ಲುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ.

ಜೂನ್ 25, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಲು ಈ ಸಲ ಹೊಲದ ಮಣ್ಣು ತರಿಸಲಿಲ್ಲ. ಗೋಡೆಯ ಮಣ್ಣೇ ರಾಶಿ ಬಿದ್ದಿತ್ತು, ಅದನ್ನೇ ನೆನೆಸಿ ಹದ ಮಾಡಿ ಅತ್ತೆ ಜೋಡಿ ಎತ್ತು ಮಾಡಿದರು. ನಾನು ಮಾಡಿದ ಎತ್ತು ಸೊಂಟ ಉಳುಕಿ ನಿಂತಿದೆ. ಚೌಕಟ್ಟಿಗೆ ಕುಂಕುಮ ಹಚ್ಚಿ ಹೊಸ್ತಿಲಿಗೆ ಪೂಜೆ ಆಯಿತು.

ಪಪ್ಪ ಕಾರು ತಂದರು. ಹೊಸ ಬಾಗಿಲು ನೋಡಿದರು, ಹೋಳಿಗೆ ಉಂಡರು, ಒಬ್ಬರೇ ವಾಪಸು ಹೋದರು. ಮಮ್ಮಿ ಫೋನಿನಲ್ಲಿ ಅತ್ತಳು. ನಾನು ಬರುತ್ತೇನೆಂದು ಉಪ್ಪಿನಕಾಯಿಯನ್ನು ಖಾರ ಕಡಿಮೆ ಮಾಡಿ ಹಾಕಿದ್ದಳಂತೆ. ಪಾಪ ಅನ್ನಿಸಿತು. ಆದರೆ ನಾಳೆ ಆಷಾಢ, ಮತ್ತು ನಾನು ಇಲ್ಲಿ.

ಜೂನ್ 26, ಗುರುವಾರ

ನಸುಕಿನಲ್ಲೇ ಸ್ನಾನ ಮಾಡಿ, ಹಸಿರು ಸೀರೆಯುಟ್ಟು, ನನ್ನ ಬಾಗಿಲನ್ನು ಉದ್ಘಾಟಿಸಲು ಹೋದೆ. ಬಾಗಿಲಾಚೆ ಅತ್ತೆ ಮಣೆ ಹಾಕಿಕೊಂಡು ಕುಳಿತಿದ್ದರು. ಎದುರಿಗೆ ಶಮ್ಸುನ್ನಿಸಾ. ನಡುವೆ ಚಹಾದ ಕೆಟಲ್ಲು.

"ನಾ ಆಗಲೇ ದಾಟೇನಿ ನೋಡು," ಎಂದರು ಅತ್ತೆ. "ಇನ್ನ ನೀ ದೊಡ್ಡ ಬಾಗಲಾ."

ನನ್ನ ಐಡಿಯಾ, ನನ್ನ ಐಸ್‌ಕ್ರೀಮ್ ಕಡ್ಡಿ, ನನ್ನ ಬೆಣೆ. ಅಡುಗೆಮನೆಗೂ ಹೊಸ್ತಿಲಿದೆಯಲ್ಲ, ಅದರ ಗತಿ ಏನು ಎಂದು ಸಿಟ್ಟಿನಿಂದ ಕೇಳಿದೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ನಿಮ್ಮ ಮಾವ ಉಪವಾಸ ಸಾಯುತ್ತಾರೆ, ಅದಕ್ಕೆ ಅದು ಲೆಕ್ಕಕ್ಕಿಲ್ಲ ಎಂದರು.

ಇನ್ನೂ ಕೇಳು, ದಿನಚರಿಯೇ. ಮಧ್ಯಾಹ್ನ ಅರುಣನ ಫೋನು. ಮಿಲ್ಲಿನ ಯಂತ್ರಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುವ ಕೆಲಸ ಶುರುವಾಗಿದೆಯಂತೆ, ಅವನ ಹೆಸರೂ ಸೇರಿದೆಯಂತೆ, ಆಷಾಢ ಮುಗಿಯುವತನಕ ಅಲ್ಲಿಯ ಕ್ವಾರ್ಟರ್ಸಿನಲ್ಲೇ ಇರಬೇಕಂತೆ. ಕೆಮಿಸ್ಟಿಗೆ ಯಂತ್ರದ ಹತ್ತಿರ ಏನು ಕೆಲಸ? ಅತ್ತೆಯ ತಮ್ಮ ಅದೇ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದಾರೆ. ಅವರಿಂದಲೂ ಏನೂ ಮಾಡಲಾಗಲಿಲ್ಲವಂತೆ. ನಿನ್ನೆ ಸಂಜೆಯೇ, ನಮಗೆ ಸುದ್ದಿ ಬರುವ ಮೊದಲೇ, ತಮ್ಮನಿಗೆ ಫೋನು ಮಾಡಿ ಮಾತಾಡಿದ್ದರಂತೆ, ಅತ್ತೆಯೇ ಹೇಳಿದರು. ಎಷ್ಟಾದರೂ ಒಳ್ಳೆಯ ಮನಸ್ಸು.

ಅತ್ತುಕೊಂಡು ಮಲಗಿದೆ.

ಜೂನ್ 30, ಸೋಮವಾರ

ಬೇಜಾರು. ಅರುಣ ಫೋನು ಮಾಡಿದ. ಊಟ ಆಯ್ತಾ ಅಂದ. ಆಯ್ತು ಅಂದೆ.

ಜುಲೈ 4, ಶುಕ್ರವಾರ

ದೊಡ್ಡ ಬಾಗಿಲು ಅಷ್ಟೇನೂ ಕೆಟ್ಟದ್ದಲ್ಲ. ಕಟ್ಟೆಯ ಮುದುಕರು ಮೊದಲ ದಿನ ನನ್ನನ್ನು ಕಂಡು ಎದ್ದು ನಿಂತರು, ಎರಡನೆಯ ದಿನ ಕೆಮ್ಮಿದರು, ಈಗ ಔಷಧಿ ಚೀಟಿ ಓದಿಸಿಕೊಳ್ಳುತ್ತಾರೆ. ಒಬ್ಬರು ಗುಳಿಗೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕಿತ್ತು, ವರ್ಷದಿಂದ ಆಮೇಲೆ ತೆಗೆದುಕೊಳ್ಳುತ್ತಿದ್ದರು.

ಆದರೆ ಮಜಾ ಇರುವುದು ಹಿಂದಿನ ಬಾಗಿಲಲ್ಲಿ. ಅತ್ತೆ ಹೊಸ್ತಿಲಾಚೆ, ನಾನು ಹೊಸ್ತಿಲೀಚೆ. ದಾಟುವಂತಿಲ್ಲ, ಮಾತಾಡಬಹುದು. ಅವರು ಶೇಂಗಾ ಸುಲಿದು ನನ್ನ ಕಡೆ ಎಸೆಯುತ್ತಾರೆ, ನಾನು ಹುರಿದು ಆಚೆ ಕೊಡುತ್ತೇನೆ. ಶಮ್ಸುನ್ನಿಸಾ ಖಾಲಾ ಓಣಿಯ ಸುದ್ದಿ ಓದುತ್ತಾರೆ. ನಾನು ಇಂಗ್ಲೆಂಡಿನ ಸುದ್ದಿ ಹೇಳುತ್ತೇನೆ. ಮೇಲಿನ ಅಂತಸ್ತು ಓಣಿಗೆ ಚಾಚಿರುತ್ತದೆ ಎಂದಾಗ ಅತ್ತೆ ಕೈ ನಿಲ್ಲಿಸಿ ಕೇಳಿದರು.

"ಅಂದ್ರ ಹೊರಗ ಹೋಗದಽ ಓಣಿ ನೋಡಬಹುದು?"

"ಹೌದ್ರಿ ಅತ್ತಿ. ಎರಡೂ ಕಡಿ ಮನಿ ಚಾಚಿದ್ರ, ಮ್ಯಾಲಿನವರು ಕಿಟಕ್ಯಾಗ ನಿಂತು ಎದುರಿನವರ ಕೈ ಮುಟ್ಟಬಹುದಂತ."

"ಶಾಣ್ಯಾ ಮಂದಿ," ಎಂದರು. ಆಮೇಲೆ ಖಾಲಾನ ಕಡೆ ತಿರುಗಿ, "ಕಟ್ಟಿಸಿದ್ದು ಅಲ್ಲಿ ಹೆಂಗಸರ ಇರಬೇಕು."

ಅರುಣನಿಗೆ ಇದನ್ನು ಹೇಳಲು ಫೋನು ಮಾಡಬೇಕೆಂದಿದ್ದೆ, ಮರೆತೆ.

ಜುಲೈ 8, ಮಂಗಳವಾರ

ಮಮ್ಮಿ ಫೋನು ಮಾಡಿ ಬೈದಳು. ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಪಪ್ಪನಿಗೆ ಹೇಳಿದರಂತೆ, ಅಫಜಲಪುರದ ಮಲ್ಕಪ್ಪನ ಸೊಸೆ ಎರಡೇ ತಿಂಗಳಲ್ಲಿ ಮನೆ ಒಡೆದಳು, ಹಿಂದಿನ ಓಣಿಗೆ ಬೇರೆ ಬಾಗಿಲು ಹಾಕಿಸಿಕೊಂಡಿದ್ದಾಳೆ ಎಂದು.

ನನಗೆ ಇದು ಹೊಳೆದೇ ಇರಲಿಲ್ಲ. ಇಲ್ಲಿ ಪಾಲಾಗದ ಮನೆಗೆ ಹೊಸ ಬಾಗಿಲು ಬಂತೆಂದರೆ ಒಂದೇ ಅರ್ಥ. ಒಳಗೆ ಒಲೆ ಎರಡಾಗಿದೆ. ಇಂಗ್ಲೆಂಡಿನ ಮನೆಯ ಬಗ್ಗೆ ಎಲ್ಲ ಓದಿದ್ದೆ, ಈ ಓಣಿಯ ಬಗ್ಗೆ ಏನೂ ಓದಿರಲಿಲ್ಲ. ಅಂಗಡಿಯವನು ನಿನ್ನೆ ಸಕ್ಕರೆ ಕಟ್ಟುವಾಗ, ಯಾವ ಮನೆಯ ಲೆಕ್ಕಕ್ಕೆ ಅಂತ ಕೇಳಿದ್ದು ಈಗ ಅರ್ಥವಾಯಿತು.

ಅತ್ತೆಗೆ ಹೇಳಿದರೆ, ಜನಕ್ಕೂ ಮಳೆಗಾಲದಲ್ಲಿ ಏನಾದರೂ ಬೇಕಲ್ಲ ಎಂದರು.

ಜುಲೈ 13, ರವಿವಾರ

ನಿಂಬರ್ಗಾದಿಂದ ದೊಡ್ಡ ಮಾವ ಬಂದಿದ್ದರು. ಮಾವನವರ ಅಣ್ಣ ಶಾಂತಮಲ್ಲಪ್ಪ. ಅವರು ಹೊಲದ ಮನೆಯಲ್ಲಿರುತ್ತಾರೆ, ಆದರೆ ಈ ಮನೆ ಇಬ್ಬರಿಗೂ ಸೇರಿದ್ದು, ಎಂದೂ ಪಾಲಾಗಿಲ್ಲ. ಜೊತೆಗೆ ಇಬ್ಬರು ಹಿರಿಯರು. ದೊಡ್ಡ ಬಾಗಿಲಿಗೆ ಬರಲೇ ಇಲ್ಲ. ನೆಟ್ಟಗೆ ಓಣಿಗೆ ಹೋಗಿ ಹೊಸ ಬಾಗಿಲ ಮುಂದೆ ನಿಂತು, ಕೊಡೆಯ ತುದಿಯಿಂದ ಹೊಸ್ತಿಲನ್ನು ಮೆಲ್ಲಗೆ ತಟ್ಟಿದರು.

"ಮಲ್ಕಪ್ಪ, ಮನಿ ಪಾಲಾಗಿಲ್ಲ, ಹೊಸ್ತಿಲಾ ಹ್ಯಾಂಗ ಎರಡಾದ್ವು? ಬ್ಯಾರೆ ಆಗಾವ ಇದ್ರ ನನಗೊಂದ ಮಾತ ಹೇಳಬೇಕಿತ್ತು."

ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಮಾವನವರು ಸೊಸೆ, ಆಷಾಢ, ಐಸ್‌ಕ್ರೀಮ್ ಕಡ್ಡಿ ಎಂದು ಏನೇನೋ ತೊದಲಿದರು. ಆಗ ಅತ್ತಿ ಸೆರಗು ಹೊದ್ದು ಮುಂದೆ ಬಂದರು.

"ಬ್ಯಾರೆ ಆಗಿದ್ದು ನಾ ಒಬ್ಬಾಕಿರಿ ಭಾವಾ. ಅದೂ ಆಷಾಢ ಮುಗಿಯೂತನಕ."

ಹಿರಿಯರೊಬ್ಬರು ಟವೆಲಿನೊಳಗೆ ನಕ್ಕರು. ದೊಡ್ಡ ಮಾವ ನಗಲಿಲ್ಲ. ಕೊನೆಗೆ ಮಾವನವರು ಎಲ್ಲರ ಮುಂದೆ ಮಾತು ಕೊಟ್ಟರು. ಆಷಾಢ ಮುಗಿದ ಮರುದಿನ ಗೌಂಡಿಯನ್ನು ಕರೆಸಿ ಗೋಡೆ ಮುಚ್ಚಿಸುತ್ತಾರೆ. ದೊಡ್ಡ ಮಾವ ಚಹಾ ಕುಡಿದು ಹೋದರು.

ರಾತ್ರಿ ಬೇಳೆಗೆ ಉಪ್ಪಿರಲಿಲ್ಲ. ಎಲ್ಲರೂ ಹಾಗೇ ಉಂಡೆದ್ದರು.

ಜುಲೈ 16, ಬುಧವಾರ

ಅತ್ತಿ ಬಾಗಿಲ ಬಳಿ ಕೂರುವುದನ್ನು ಬಿಟ್ಟಿದ್ದಾರೆ. ಮಣೆ ಒಳಗೆ ಬಂದು ಗೋಡೆಗೆ ಒರಗಿದೆ. ಶಮ್ಸುನ್ನಿಸಾ ಖಾಲಾ ಆಚೆ ನಿಂತು ಎರಡು ಸಲ ಕೂಗಿದರು, ಹೊಟ್ಟೆನೋವು ಅಂತ ಹೇಳು ಎಂದು ಅತ್ತಿ ನನ್ನನ್ನು ಕಳಿಸಿದರು. ಯಾಕೆ ಅತ್ತಿ, ಇನ್ನೂ ದಿನ ಇದೆಯಲ್ಲ ಎಂದು ಕೇಳಿದೆ.

"ಮುಚ್ಚೂ ಬಾಗಲಾ ಅದು. ಹಚ್ಚಿಕೊಂಡಷ್ಟೂ ತ್ರಾಸ."

ಮತ್ತೆ ಆ ತೊಗರಿಯ ಮೊರ. ನನಗೆ ತಡೆಯಲಾಗುತ್ತಿಲ್ಲ. ಆ ಗೋಡೆ ಏನನ್ನೂ ಹೊರುವುದಿಲ್ಲ, ಒಂದು ಜಂತಿಯ ಭಾರವನ್ನೂ ಹೊರುವುದಿಲ್ಲ. ಬರೀ ಅಡ್ಡ ನಿಲ್ಲುವುದಷ್ಟೇ ಅದರ ಕೆಲಸ. ಅದಕ್ಕೋಸ್ಕರ ಇಷ್ಟು ಜನ ಬಂದು ಮಾತಾಡಿದರು.

ಅರುಣ ಒಂದು ದಿನದ ರಜೆಗೆ ಬಂದು ಹೋದ.

ಜುಲೈ 19, ಶನಿವಾರ

ಮಾವನವರು ಬೀಜದಂಗಡಿಗೆ ಹೋದದ್ದು ನೋಡಿ ಕಟ್ಟೆಗೆ ಹೋದೆ. ಔಷಧಿ ಚೀಟಿಗಳೆಲ್ಲ ಮುಗಿದ ಮೇಲೆ ಏನೂ ಅರಿಯದವಳ ಹಾಗೆ ಕೇಳಿದೆ, ಅಜ್ಜಾರ, ದನದ ಕೊಟ್ಟಿಗೆಗೂ ಬಾಗಿಲಿರುತ್ತದಲ್ಲ, ಅದನ್ನು ನೋಡಿ ಯಾರೂ ಪಾಲಾದರು ಅನ್ನುವುದಿಲ್ಲ ಯಾಕೆ? ಗುಳಿಗೆಯ ಅಜ್ಜ ನನ್ನ ಅಜ್ಞಾನಕ್ಕೆ ಮರುಗಿದರು.

"ಕೊಟ್ಟಗಿಗಿ ಹೊಸ್ತಿಲಾ ಎಲ್ಲಿರ್ತದವಾ? ಹೊಸ್ತಿಲಾ ಇದ್ರ ಮನಿ. ಇಲ್ಲಂದ್ರ ಬರೇ ಹಾದಿ."

ನಾನು ಓಡಿಬಂದು ಮಾಳಿಗೆ ಹತ್ತಿ ನಿಂಬರ್ಗಾಕ್ಕೆ ಫೋನು ಮಾಡಿದೆ. ದೊಡ್ಡ ಮಾವನಿಗೆ ಮೊದಲು ನಮಸ್ಕಾರ, ಆಮೇಲೆ ತೊಗರಿ ಬಿತ್ತನೆ ವಿಚಾರ, ಆಮೇಲೆ ಹೆಂಡತಿಯ ಮೊಣಕಾಲು ವಿಚಾರ. ಆಮೇಲೆ, ಎಷ್ಟು ಸಾಧ್ಯವೋ ಅಷ್ಟು ಮೆತ್ತಗೆ, ಆ ಬಾಗಿಲಿನ ಹೊಸ್ತಿಲು ತೆಗೆಸಿಬಿಟ್ಟರೆ ನಿಮಗೆ ಸಮಾಧಾನವೇ ಎಂದು ಕೇಳಿದೆ. ಬಹಳ ಹೊತ್ತು ಅವರ ಎಮ್ಮೆಯ ಕೊರಳ ಗಂಟೆ ಮಾತ್ರ ಕೇಳಿಸಿತು.

"ಹೊಸ್ತಿಲಾ ಇಲ್ಲಂದ್ರ ಅದು ನಮ್ಮ ಮನಿದೇ ಹಿತ್ತಲ ಹಾದಿ ಆತಲ್ಲವಾ," ಎಂದರು. "ಹಾದಿ ಮ್ಯಾಲ ನಂದೇನು ತಕರಾರು? ನಾನೂ ಬಂದಾಗ ಓಡಾಡ್ತೇನಿ."

ತಮ್ಮನಿಗೆ ನಾನೇ ಹೇಳುತ್ತೇನೆ ಎಂದರು. ಹೇಳಿದರು ಕೂಡ. ಮಾವನವರು ಫೋನು ಇಟ್ಟು, ನನ್ನನ್ನೊಮ್ಮೆ ನೋಡಿ, ತಂಬಿಗೆ ನೀರು ಪೂರ್ತಿ ಕುಡಿದರು.

ಅತ್ತಿ ಮೊರವನ್ನು ಪಕ್ಕಕ್ಕಿಟ್ಟರು. ಸ್ವಲ್ಪ ಹೊತ್ತಿಗೆ ಮಣೆ ಎತ್ತಿಕೊಂಡು ಹೊರಗೆ ಹೋದರು.

ಜುಲೈ 21, ಸೋಮವಾರ

ಕರೀಮಸಾಬ ಗರಗಸ ತಂದರು. ಕೂಡಿಸುವುದಕ್ಕೆ ಆಷಾಢ ಅಡ್ಡ ಬರುತ್ತದೆ, ಕೊಯ್ಯುವುದಕ್ಕಲ್ಲ ಎಂದು ಅತ್ತಿ ತೀರ್ಪು ಕೊಟ್ಟರು. ಕೆಳಗಿನ ಮರ ತೆಗೆದರೆ ಚೌಕಟ್ಟಿನ ಕಾಲುಗಳು ಅಗಲಿಬಿಡುತ್ತವೆ ಅನ್ನುವುದು ಕರೀಮಸಾಬರ ಚಿಂತೆ. ಆ ಇಂಗ್ಲಿಷ್ ಮನೆಗಳಲ್ಲೂ ನೆಲಕ್ಕೆ ತಾಗಿದ ಅಡ್ಡ ತೊಲೆಯೇ ಎಲ್ಲಕ್ಕಿಂತ ಮೊದಲು ಕೊಳೆಯುವುದು, ರಿಪೇರಿಯವರು ಎಷ್ಟೋ ಕಡೆ ಕಂಬದ ಕೆಳಗೆ ಕಲ್ಲು ಕೊಟ್ಟಿದ್ದಾರೆ ಎಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಶಹಾಬಾದ ಕಲ್ಲಿನ ಎರಡು ತುಂಡಿಗೆ ಕುಳಿ ಹೊಡೆದು ಕಾಲುಗಳನ್ನು ಅದರಲ್ಲಿ ಕೂರಿಸಿದರು. ಬೆಣೆ ನನ್ನದು, ಮೊಳೆ ಅವರದು, ಎರಡೂ ಹಿಡಿದುಕೊಂಡಿವೆ.

ಕೊಯ್ದ ಹೊಸ್ತಿಲನ್ನು ತೊಳೆದು, ಕುಂಕುಮವಿಟ್ಟು, ದೇವರ ಜಗಲಿಯ ಪಕ್ಕ ಇಟ್ಟೆವು. ಈಗ ಒಳಗಿನ ನೆಲವೂ ಓಣಿಯೂ ಒಂದೇ ಸಮ. ನೀರು ಚೆಲ್ಲಿದರೆ ಖಾಲಾನ ಮನೆಯ ತನಕ ಹೋಗುತ್ತದೆ.

ಅತ್ತಿಯೂ ನಾನೂ ಬಾಗಿಲಲ್ಲಿ ನಿಂತೆವು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು ಅನ್ನಿಸುತ್ತದೆ. ಆಷಾಢ ಇನ್ನೂ ಮುಗಿದಿಲ್ಲ. ಆದರೆ ದಾಟಲಿಕ್ಕೆ ಅಲ್ಲಿ ಏನೂ ಇಲ್ಲ. ಅತ್ತಿ ಆಚೆ ಈಚೆ ನೋಡಿದರು, ನನ್ನ ಕೈ ಹಿಡಿದರು, ಇಬ್ಬರೂ ಜೊತೆಗೇ ಓಣಿಗೆ ಹೋದೆವು. ಖಾಲಾ ಮಾಂಸ ಹಾಕಿದ ತಹಾರಿ ಅನ್ನ ಮಾಡಿದ್ದರು, ನಮ್ಮಿಬ್ಬರಿಗೆ ಮಾತ್ರ ಬದನೇಕಾಯಿಯದು ಬೇರೆ. ಸಂಜೆಯ ತನಕ ಅಲ್ಲೇ ಇದ್ದೆವು. ಮಾವನವರು ಚಹಾ ಎಲ್ಲಿ ಎಂದು ಹುಡುಕುತ್ತ ಅದೇ ಬಾಗಿಲಿಂದ ಬಂದರು, ಗಾಳಿ ಚೆನ್ನಾಗಿದೆ ಎಂದು ಅಲ್ಲೇ ಕುರ್ಚಿ ತರಿಸಿಕೊಂಡರು.

ಜುಲೈ 25, ಶುಕ್ರವಾರ

ಶ್ರಾವಣ. ಅರುಣ ಬಂದ. ದೊಡ್ಡ ಬಾಗಿಲಲ್ಲಿ ನಿಂತು ಕೂಗಿದನಂತೆ, ಯಾರೂ ಓಗೊಡಲಿಲ್ಲವಂತೆ, ಹುಡುಕುತ್ತ ಹಿಂದೆ ಬಂದ. ನಾವಿಬ್ಬರೂ ಓಣಿಯಲ್ಲಿ ಕಾಲಿನಿಂದ ಮಣ್ಣು ತುಳಿಯುತ್ತಿದ್ದೆವು. ಚೌಕಟ್ಟಿನ ಸುತ್ತ ಒಡೆದ ಗೋಡೆಯ ಅಂಚಿಗೆ ಇನ್ನೂ ಗಿಲಾವು ಆಗಿಲ್ಲ. ಮಣ್ಣಿಗೆ ಹೊಟ್ಟು, ಸಗಣಿ ಹಾಕಿ ನಿನ್ನೆಯೇ ನೆನೆಸಿಟ್ಟಿದ್ದೆವು.

ಅವನು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಖಾಲಾ ಎಲ್ಲ ಕಥೆ ಹೇಳಿದರು. ಅವನು ಬಹಳ ಹೊತ್ತು ಯೋಚಿಸಿದ. ಯೋಚಿಸುವಾಗ ಅವನ ಹುಬ್ಬು ಮಾವನವರದೇ.

"ಅಲ್ಲ ಅವ್ವಾ," ಎಂದ, "ಹೊಸ್ತಿಲಾ ತಗದ್ರ ಮುಗೀತಿತ್ತಂದ್ರ, ಮೊದಲಽ ದೊಡ್ಡ ಬಾಗಲದ್ದು ತಗೀಬಹುದಿತ್ತಲ್ಲ? ಗ್ವಾಡಿ ಯಾಕ ಒಡೀಬೇಕಿತ್ತು?"

ಅತ್ತಿ ನನ್ನನ್ನು ನೋಡಿದರು. ನಾನು ಅತ್ತಿಯನ್ನು ನೋಡಿದೆ. ಖಾಲಾ ಎಲೆ ಅಡಿಕೆ ಉಗುಳಲು ಆಚೆ ತಿರುಗಿದರು, ಅವರ ಹೆಗಲು ಕುಣಿಯುತ್ತಿತ್ತು.

"ಕೆಮಿಸ್ಟ್ ಇದ್ದಾನ," ಎಂದರು ಅತ್ತಿ ಖಾಲಾನಿಗೆ. "ಶಾಣ್ಯಾನೇ ಇದ್ದಾನ."

ಅವನಿಗೆ ನಾಲ್ಕು ದಿನ ರಜೆ ಇದೆಯಂತೆ. ನನ್ನನ್ನು ಪಕ್ಕಕ್ಕೆ ಕರೆದು, ಇಷ್ಟು ದಿನ ಒಬ್ಬಳೇ ಬೇಜಾರಾಗಿರುತ್ತದೆ, ನಾಳೆ ಬೆಳಿಗ್ಗೆ ಕಲಬುರಗಿಗೆ ಹೋಗೋಣ, ಸಿನಿಮಾ, ಐಸ್‌ಕ್ರೀಮು, ಇಬ್ಬರೇ ಎಂದ. ಪಾಪ, ಎಷ್ಟು ಪ್ರೀತಿಯಿಂದ ಕೇಳಿದ. ಅಂಗಿಗೆ ಈಗ ಬರೀ ಗ್ರೀಸಿನ ವಾಸನೆ.

ನಾಳೆ ಆಗುವುದಿಲ್ಲ ಎಂದೆ. ಮಣ್ಣು ಹದಕ್ಕೆ ಬಂದಿದೆ, ನಾಳೆ ಮೆತ್ತದಿದ್ದರೆ ಬಿರಿದುಹೋಗುತ್ತದೆ. ಅರುಣ ಎಲ್ಲಿಗೆ ಹೋಗುತ್ತಾನೆ, ಇಲ್ಲೇ ಇರುತ್ತಾನಲ್ಲ.